ಪದ ಬೇಕಿದೆ: ಶ್ವಾಸಕೋಶದ ರಕ್ತನಾಳದಲ್ಲಿ ಹುಟ್ಟುವ ಗಡ್ಡೆ

ಎಲ್ಲರಿಗೂ ನಮಸ್ಕಾರ.

ರೋಗಿಗಳ ಕೈಗೆ ಕೊಡುವ ಎರಡು ಪುಟದ ಮಾಹಿತಿ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ತಲೆಬರಹದಲ್ಲೇ ನಿಂತುಬಿಟ್ಟಿದ್ದೇನೆ.

ರೋಗದ ಹೆಸರು ಎಪಿಥೆಲಿಯಾಯ್ಡ್ ಹೆಮಾಂಜಿಯೋಎಂಡೋಥೀಲಿಯೋಮಾ. ತುಂಬಾ ಅಪರೂಪ, ಹತ್ತು ಲಕ್ಷ ಜನರಿಗೆ ಒಬ್ಬರ ಲೆಕ್ಕ. ರಕ್ತನಾಳದ ಒಳಮೈಗೆ ಹಾಸಿದ ತೆಳು ಪದರದ ಕೋಶಗಳೇ ಗಡ್ಡೆಯಾಗುತ್ತವೆ. ಶ್ವಾಸಕೋಶದಲ್ಲಿ ಬಂದರೆ ಎರಡೂ ಕಡೆ ಸಣ್ಣ ಸಣ್ಣ ಗಂಟುಗಳು ಕಾಣುವುದೇ ಜಾಸ್ತಿ. ಬೇರೇನಕ್ಕೋ ಎಕ್ಸ್‌ರೇ ತೆಗೆಸಿದಾಗ ಗೊತ್ತಾಗುವುದೂ ಉಂಟು.

'ಶ್ವಾಸಕೋಶದ ರಕ್ತಾರ್ಬುದ' ಅಂತ ಬರೆದಿದ್ದೇನೆ. ನಡೆಯುತ್ತಾ?

— ಬೆಂಗಳೂರಿನಿಂದ

> ಶ್ವಾಸಕೋಶದ ರಕ್ತಾರ್ಬುದ

ನಡೆಯುತ್ತದೆ. ಮುಟ್ಟಬೇಡಿ. ಸುಶ್ರುತ ಸಂಹಿತೆ ಅರ್ಬುದದಲ್ಲಿ ಆರು ಬಗೆ ಹೇಳುತ್ತದೆ. ರಕ್ತಾರ್ಬುದ ಅದರಲ್ಲೊಂದು, ಮಾಂಸಾರ್ಬುದ ಇನ್ನೊಂದು. ಇಷ್ಟು ಹಳೆಯ ಪದ ಕೈಯಲ್ಲೇ ಇರುವಾಗ ಹೊಸದಕ್ಕೆ ಅಲೆಯುವುದೇಕೆ?

— ಮೈಸೂರಿನಿಂದ

ದಯವಿಟ್ಟು ಆ ಪದ ಹಾಕಬೇಡಿ. ಸುಶ್ರುತರ ಕಾಲದಲ್ಲಿ ಅದು ಗಡ್ಡೆ. ಇವತ್ತು ಪೇಪರ್ ಓದುವವರಿಗೆ ರಕ್ತಾರ್ಬುದ ಎಂದರೆ ರಕ್ತದ ಕ್ಯಾನ್ಸರ್, ಲ್ಯುಕೇಮಿಯಾ. ಆ ಪತ್ರ ಹಿಡಿದು ಮನೆಗೆ ಹೋದವರು ನೆಂಟರಿಗೆಲ್ಲ ಅದನ್ನೇ ಹೇಳುತ್ತಾರೆ. ಆಮೇಲೆ ತಿದ್ದುವವರು ಯಾರು?

ಹೆಸರು ತಪ್ಪಿದರೆ ರೋಗವೇ ತಪ್ಪಾಗಿ ಕಾಣುತ್ತದೆ. ಇದೇ ಗಡ್ಡೆಗೆ ಹಾಗಾಗಿತ್ತು. 1975ರಲ್ಲಿ ಡೇಲ್ ಮತ್ತು ಲೀಬೋ ಎಂಬ ರೋಗಶಾಸ್ತ್ರಜ್ಞರು ಇದು ಶ್ವಾಸಕೋಶದ ಗಾಳಿಗೂಡುಗಳ ಕೋಶದಿಂದ ಹುಟ್ಟಿ ರಕ್ತನಾಳದೊಳಗೆ ನುಗ್ಗುತ್ತದೆ ಅಂದುಕೊಂಡು, ಅದಕ್ಕೆ ತಕ್ಕ ಹೆಸರಿಟ್ಟರು. ಹುಟ್ಟುವುದೇ ರಕ್ತನಾಳದ ಪದರದಲ್ಲಿ ಎಂದು ಆಮೇಲೆ ತಿಳಿಯಿತು. ಈಗಿನ ಹೆಸರು 1982ರಲ್ಲಿ ವೈಸ್ ಮತ್ತು ಎನ್‌ಜಿಂಗರ್ ಎಂಬ ಇನ್ನಿಬ್ಬರು ರೋಗಶಾಸ್ತ್ರಜ್ಞರು ಇಟ್ಟಿದ್ದು. ಅದಕ್ಕೇ 'ನಾಳ' ಮತ್ತು 'ಒಳಪದರ' ಎರಡೂ ಕನ್ನಡ ಹೆಸರಿನಲ್ಲಿ ಇರಲೇಬೇಕು.

— ಧಾರವಾಡದಿಂದ

ರಕ್ತ, ನಾಳ, ಶ್ವಾಸ, ಕೋಶ. ಇದರಲ್ಲಿ ಕನ್ನಡ ಎಲ್ಲಿದೆ? ನೆತ್ತರು ನಮ್ಮದು. ತೆಲುಗಿನಲ್ಲಿ ನೆತ್ತುರು, ಹಳೆಯ ತಮಿಳಿನಲ್ಲಿ ನೆಯ್ತ್ತೋರ್. ಒಂದೇ ಬೇರು.

ಆ ಒಳಪದರಕ್ಕೆ ವೈದ್ಯರು ಹೇಳುವ ಎಂಡೋಥೀಲಿಯಂ ಎಂಬ ಪದವನ್ನು ಒಡೆದು ನೋಡಿ. ಎಂಡೋ ಎಂದರೆ ಒಳಗೆ. ಥೀಲಿ ಎಂದರೆ ಗ್ರೀಕಿನಲ್ಲಿ ಮೊಲೆತೊಟ್ಟು. ನಾಳದ ಗೋಡೆಗೂ ತೊಟ್ಟಿಗೂ ಏನು ನಂಟು? ನಮ್ಮ 'ಒಳಪೊರೆ' ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. 'ಉಸಿರುಚೀಲದ ನೆತ್ತರುಗೊಳವೆ ಒಳಪೊರೆಯ ಗಂತಿ' ಎಂದು ಬರೆಯಿರಿ.

— ಶಿವಮೊಗ್ಗದಿಂದ

> ಉಸಿರುಚೀಲದ ನೆತ್ತರುಗೊಳವೆ

ಇಲ್ಲ. ವಾರ್ಡಿನಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ.

ನಾನು ನರ್ಸ್. ಡ್ರಿಪ್ ಹಾಕುವಾಗ ನಾವೂ ರೋಗಿಗಳೂ 'ನರ ಸಿಗ್ತಾ ಇಲ್ಲ' ಅಂತಲೇ ಮಾತಾಡುತ್ತೇವೆ. ಹಾಗಂತ 'ನರದ ಗಡ್ಡೆ' ಎಂದು ಬರೆದರೆ ನರರೋಗದ ವಿಭಾಗ ಹುಡುಕಿಕೊಂಡು ಹೋಗುತ್ತಾರೆ. ರಕ್ತನಾಳವೇ ಇರಲಿ. ಶಾಲೆಯಲ್ಲಿ ಓದಿದ ಪದ, ಎಲ್ಲರಿಗೂ ಗೊತ್ತು.

ಬರೀ 'ಗಡ್ಡೆ' ಅಂತಲೂ ಬಿಡಬೇಡಿ. ಕೊಬ್ಬಿನ ಗಡ್ಡೆಗೂ ಅದೇ ಪದ ಅಲ್ವಾ? ಇದು ಕೆಲವರಲ್ಲಿ ವರ್ಷಗಟ್ಟಲೆ ಸುಮ್ನೆ ಇರುತ್ತದೆ, ಕೆಲವರಲ್ಲಿ ಬೇಗ ಹರಡುತ್ತದೆ. ಆದರೂ ಕ್ಯಾನ್ಸರೇ. ಅದನ್ನು ಮುಚ್ಚಿಡಬಾರದು.

— ಹಾಸನದಿಂದ

ಕ್ಯಾನ್ಸರ್! ಅದೂ ಎರವಲು. ಏಡಿಗಂತಿ ಎನ್ನಲು ಏನು ಅಡ್ಡಿ? ಹೀಗೆ ಒಂದೊಂದೇ ಬಿಟ್ಟುಕೊಟ್ಟು ಕೊನೆಗೆ ನಮಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

— ಶಿವಮೊಗ್ಗದಿಂದ

ಹೆದರಿ ಕೂತವರ ಮೇಲೆ ಹೊಸ ಪದ ಪರೀಕ್ಷೆ ಮಾಡಬೇಡಿ. ಕ್ಯಾನ್ಸರ್ ಎಂಬುದು ಹಳ್ಳಿಯ ಅಜ್ಜಿಗೂ ಗೊತ್ತು. ಅಷ್ಟಾದ ಮೇಲೆ ಅದು ಕನ್ನಡವೇ.

— ಧಾರವಾಡದಿಂದ

ಎಲ್ಲರಿಗೂ ವಂದನೆ. ರಕ್ತಾರ್ಬುದ ತೆಗೆದಿದ್ದೇನೆ. ತಲೆಬರಹ: 'ಶ್ವಾಸಕೋಶದ ರಕ್ತನಾಳದ ಒಳಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್ ಗಡ್ಡೆ'. ಉದ್ದವಾಯಿತು, ಆದರೆ ಸುಳ್ಳಿಲ್ಲ. ಒಳಪೊರೆ ಶಿವಮೊಗ್ಗದವರಿಂದ ಬಂತು, ಒಳಪದರಕ್ಕಿಂತ ಚೆನ್ನಾಗಿದೆ. ಕೆಳಗೆ ರೋಗದ ವೈದ್ಯಕೀಯ ಹೆಸರನ್ನು ಕನ್ನಡ ಲಿಪಿಯಲ್ಲೇ ಪೂರ್ತಿ ಕೊಡುತ್ತೇನೆ, ರಿಪೋರ್ಟಿನ ಜೊತೆ ತಾಳೆ ನೋಡಲು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: 'ಇದು ರಕ್ತದ ಕ್ಯಾನ್ಸರ್ ಅಲ್ಲ.'

— ಬೆಂಗಳೂರಿನಿಂದ