ಉತ್ತರಕುಮಾರನ ಹೆಲಿಕಾಪ್ಟರ್

"ನೋಡಿ, ಇದರಲ್ಲಿ ಅಂಥ ಬ್ರಹ್ಮವಿದ್ಯೆ ಏನೂ ಇಲ್ಲ," ಅಂದ ಗುಂಡ. ಅವನು ಹೀಗೆ ಶುರು ಮಾಡಿದ ಅಂದರೆ ಮುಂದಿನ ಒಂದು ಗಂಟೆ ನಮಗೆ ಬೇರೆ ಕೆಲಸವಿಲ್ಲ ಎಂದೇ ಅರ್ಥ.

"ಜನ ಓಡಾಡೋ ಹೆಲಿಕಾಪ್ಟರ್ ಸಿದ್ಧವಾಗೇ ಇದೆ. ಕೊಂಡ್ಕೊಳ್ಳಿ, ಹಸಿರು ಬಣ್ಣ ಬಳೀರಿ, ಬಾಗಿಲಿಗೊಂದು ಬಂದೂಕು ಕಟ್ಟಿ. ಸೈನ್ಯದ್ದಾಯ್ತು! ಇದಕ್ಕೆ ವರ್ಷಗಟ್ಟಲೆ ಯಾಕೆ ಒದ್ದಾಡ್ತಾರೆ?"

ರಾಮಣ್ಣ ಮೂವತ್ತು ವರ್ಷ ಹೆಲಿಕಾಪ್ಟರುಗಳ ಹೊಟ್ಟೆಯೊಳಗೆ ತಲೆ ತೂರಿಸಿ ಸ್ಪ್ಯಾನರ್ ತಿರುಗಿಸಿದವರು. ಅವರು ನಕ್ಕರೆ ಸದ್ದು ಬರುವುದಿಲ್ಲ, ಹೆಗಲು ಮಾತ್ರ ಕುಣಿಯುತ್ತದೆ. ಈಗ ಕುಣಿಯಿತು.

"ವಿಮಲಾ, ಒಂದು ಕಾಗದ ತಗೋಮ್ಮ. ಹತ್ತು ಜನ ಕೂರೋ ಹೆಲಿಕಾಪ್ಟರ್ ಅಂತ ಬರ್ಕೋ. ಗುಂಡ ಹೇಳಿದ್ದನ್ನೆಲ್ಲ ಕಟ್ಟುತ್ತಾ ಹೋಗೋಣ."

ವಿಮಲಕ್ಕ ಮಕ್ಕಳಿಗೆ ಗಣಿತ ಹೇಳಿಕೊಡುವವರು. ಹತ್ತು ಗೀಟು ಎಳೆದು ಪೆನ್ನು ಹಿಡಿದು ಕೂತರು.

"ಮೊದಲು ಬಣ್ಣ," ಅಂದರು ರಾಮಣ್ಣ. "ಮಿರಮಿರ ಮಿಂಚೋದಲ್ಲ, ಇನ್‌ಫ್ರಾರೆಡ್‌ನಲ್ಲೂ ಎದ್ದು ಕಾಣದ ಮಂಕು ಬಣ್ಣ. ಇದೊಂದೇ ಸುಲಭ. ಆಮೇಲೆ ಕಾಕ್‌ಪಿಟ್ ದೀಪ. ಸೈನಿಕರು ರಾತ್ರಿ ನೈಟ್ ವಿಷನ್ ಕನ್ನಡಕ ಹಾಕ್ಕೊಂಡು ಹಾರಿಸ್ತಾರೆ. ಆ ಕನ್ನಡಕ ಚುಕ್ಕಿ ಬೆಳಕನ್ನೂ ಸಾವಿರಾರು ಪಟ್ಟು ಹಿಗ್ಗಿಸುತ್ತೆ. ಎದುರಿಗಿರೋ ಮೀಟರಿನ ಕೆಂಪು ದೀಪ ಅದರೊಳಗೆ ಮಧ್ಯಾಹ್ನದ ಸೂರ್ಯ. ಹಾಗಾಗಿ ಪ್ರತಿಯೊಂದು ಬಲ್ಬು, ಪ್ರತಿಯೊಂದು ಪರದೆ ಬದಲಾಯಿಸಬೇಕು."

"ಬಲ್ಬಿಗೆಂಥ ತೂಕ?" ಅಂದ ಗುಂಡ.

"ಬಲ್ಬಿಗಿಲ್ಲ. ಸೀಟಿನ ಸುತ್ತ ಗುಂಡು ತಡೆಯೋ ಕವಚಕ್ಕಿದೆ. ತೂತು ಬಿದ್ದರೆ ತಾನೇ ಮುಚ್ಚಿಕೊಳ್ಳೋ ಇಂಧನ ಟ್ಯಾಂಕಿಗಿದೆ. ಕ್ಷಿಪಣಿ ಬಂತು ಅಂತ ಕೂಗೋ ಯಂತ್ರ, ಅದರ ದಾರಿ ತಪ್ಪಿಸೋಕೆ ಉರಿಯೋ ಫ್ಲೇರ್, ಶತ್ರು ಕದ್ದು ಕೇಳಲಾಗದ ರೇಡಿಯೋ, ಬಂದೂಕು, ಅದರ ಮದ್ದುಗುಂಡು..."

ವಿಮಲಕ್ಕ ಒಂದೊಂದೇ ಗೀಟು ಹೊಡೆದುಹಾಕುತ್ತಿದ್ದರು. "ಆರು ಜನ ಇಳಿದರು. ಮೊದಲು ಇಳಿದವನು ನೀನೇ ಗುಂಡ, ನಿನ್ನೊಬ್ಬನಲ್ಲೇ ಅರ್ಧ ಕವಚ ಮುಗೀತು."

"ಇಂಜಿನ್ ದೊಡ್ಡದು ಹಾಕಿ!" ಗುಂಡ ಸೋಲುವವನಲ್ಲ.

"ಹಾಕಬಹುದು. ಅದಕ್ಕೆ ತಕ್ಕ ಗೇರ್‌ಬಾಕ್ಸ್ ಬೇಕು, ಅದಕ್ಕೆ ತಕ್ಕ ಹಿಂದಿನ ಫ್ಯಾನ್ ಬೇಕು. ಅಷ್ಟೊತ್ತಿಗೆ ನೀನು ಕೊಂಡ ಹೆಲಿಕಾಪ್ಟರಿನಲ್ಲಿ ಉಳಿಯೋದು ಬಾಗಿಲಿನ ಹಿಡಿಕೆ. ಅಮೆರಿಕದ ಸೈನ್ಯ ಇದನ್ನೇ ಮಾಡ್ತು. 2005ರಲ್ಲಿ ಬೆಲ್ 407 ಅನ್ನೋ ನಾಗರಿಕ ಹೆಲಿಕಾಪ್ಟರ್ ತಗೊಂಡು ಅರಾಪಹೋ ಅಂತ ಬೇಹುಗಾರಿಕೆ ಹೆಲಿಕಾಪ್ಟರ್ ಮಾಡೋಕೆ ಹೊರಟರು. ಇಂಜಿನ್ನೂ ಹೊಸದು. ಒಂದಕ್ಕೆ ಸುಮಾರು 85 ಲಕ್ಷ ಡಾಲರ್ ಅಂದುಕೊಂಡಿದ್ದು 1 ಕೋಟಿ 40 ಲಕ್ಷ ದಾಟಿತು. 2008ರಲ್ಲಿ ಕೈಬಿಟ್ಟರು."

"ಉತ್ತರಕುಮಾರ!" ಅಂದೆ ನಾನು. ಅಂತಃಪುರದಲ್ಲಿ ಕೌರವರನ್ನೆಲ್ಲ ಒಬ್ಬನೇ ಸದೆಬಡಿದವನು, ಬಯಲಿಗೆ ಬಂದು ಸೈನ್ಯ ನೋಡಿದ ಕೂಡಲೇ ರಥದಿಂದ ಧುಮುಕಿದವನು.

"ಇನ್ನೊಬ್ಬ ಉತ್ತರಕುಮಾರ ಇದ್ದಾನೆ," ಅಂದರು ರಾಮಣ್ಣ. "ಲಕೋಟಾ. ಯುರೋಪಿನ ಇಸಿ145, ಆಸ್ಪತ್ರೆಗೆ ರೋಗಿ ಸಾಗಿಸೋಕೆ ಹೆಸರಾದದ್ದು. 2006ರಲ್ಲಿ ಅಮೆರಿಕದ ಸೈನ್ಯ ಆರಿಸಿಕೊಂಡಿತು. ಮರುವರ್ಷ ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಪರೀಕ್ಷೆಗೆ ಹಾರಿಸಿದರೆ, ಅಷ್ಟಗಲದ ಗಾಜು ನೋಡಿ, ಒಳಗೆಲ್ಲ ಕುಲುಮೆ!"

"ದಂಡಿಗೆ ಹೆದರಲಿಲ್ಲ, ದಾಳಿಗೆ ಹೆದರಲಿಲ್ಲ, ಬಿಸಿಲಿಗೆ ಹೆದರಿತು ಅನ್ನಿ," ಅಂದರು ವಿಮಲಕ್ಕ.

"ಆಮೇಲೆ ಎಸಿ ಹಾಕಿಸಿದರು. ಎಲ್ಲಕ್ಕೂ ಅಲ್ಲ. ರೋಗಿಗಳನ್ನ ಹೊರೋದಕ್ಕೆ, ದೊಡ್ಡ ಮನುಷ್ಯರನ್ನ ಹೊರೋದಕ್ಕೆ."

"ಎರಡೂ ಒಂದೇ ಜಾತಿ," ಗೊಣಗಿದ ಗುಂಡ. ವಿಮಲಕ್ಕ ಎಸಿಗೆ ಇನ್ನೊಂದು ಗೀಟು ಹೊಡೆದರು.

"ಆದರೆ ನಗಬೇಡಿ. ಲಕೋಟಾವನ್ನ ಅವರು ಯುದ್ಧಕ್ಕೆ ಕಳಿಸಲೇ ಇಲ್ಲ. ಗುಂಡು ಹಾರದ ಕಡೆಗೇ ಅಂತ ಕೊಂಡದ್ದು. ಊರೊಳಗಿನ ಆಂಬುಲೆನ್ಸ್ ಕೆಲಸ, ಹೊಸ ಪೈಲಟ್‌ಗಳಿಗೆ ತರಬೇತಿ. 400ಕ್ಕೂ ಹೆಚ್ಚು ಕೊಂಡರು. ಉತ್ತರಕುಮಾರ ಬಿಲ್ಲು ಹಿಡಿಯಲಿಲ್ಲ ಸರಿ, ಸಾರಥ್ಯ ಚೆನ್ನಾಗೇ ಮಾಡಿದನಲ್ಲ!"

ಗುಂಡನಿಗೆ ಸಾರಥಿಯ ಕೆಲಸ ರುಚಿಸಲಿಲ್ಲ. "ಸಮುದ್ರದ ಮೇಲಾದರೆ? ಅಲ್ಲಿ ಯಾರು ಗುಂಡು ಹಾರಿಸ್ತಾರೆ?"

"ಕೆನಡಾದವರೂ ಹೀಗೇ ಯೋಚಿಸಿದರೋ ಏನೋ. ಸಮುದ್ರದ ತೈಲ ಬಾವಿಗಳಿಗೆ ಕೆಲಸಗಾರರನ್ನ ಒಯ್ಯೋ ಎಸ್-92 ಅನ್ನೋ ಹೆಲಿಕಾಪ್ಟರ್ ಇತ್ತು. ಅದನ್ನೇ ಯುದ್ಧನೌಕೆಗೆ ಹೊಂದಿಸಿ 28 ಕೊಡಿ ಅಂತ 2004ರಲ್ಲಿ ಒಪ್ಪಂದ. ಈಗ ನೋಡು, ಹಡಗಿನ ಗೂಡಿನೊಳಗೆ ಹೋಗಬೇಕು ಅಂದರೆ ರೆಕ್ಕೆ ಮಡಚಬೇಕು, ಬಾಲವೂ ಮಡಚಬೇಕು. ಹಡಗು ಅಲೆಗೆ ತೂಗಾಡುವಾಗ ಜಾರದ ಹಾಗೆ ಅಟ್ಟಕ್ಕೆ ಕಚ್ಚಿಕೊಳ್ಳಬೇಕು. ಜಲಾಂತರ್ಗಾಮಿ ಹುಡುಕೋ ಸೋನಾರ್ ನೀರಿಗಿಳಿಸಬೇಕು. ಪಕ್ಕದಲ್ಲೇ ಹಡಗಿನ ರಾಡಾರ್ ಅಬ್ಬರಿಸುವಾಗ ಒಳಗಿನ ಕಂಪ್ಯೂಟರ್ ತಲೆತಿರುಗಿ ಬೀಳಬಾರದು. 2008ಕ್ಕೆ ಬರಬೇಕಾದದ್ದು, ಸೈನ್ಯ ಮೊದಲ ಆರನ್ನು ಒಪ್ಪಿಕೊಂಡದ್ದು 2015ರಲ್ಲಿ. ನಡುವೆ, 2012ರಲ್ಲಿ, ರಕ್ಷಣಾ ಮಂತ್ರಿ ಪೀಟರ್ ಮೆಕೇ ಅವರೇ, ದೇಶದ ಚರಿತ್ರೆಯಲ್ಲಿ ಇಷ್ಟು ಕೆಟ್ಟ ಖರೀದಿ ಇನ್ನೊಂದಿಲ್ಲ ಅಂದುಬಿಟ್ಟರು."

"ಅಲ್ಲಿವರೆಗೆ ಹಡಗಲ್ಲಿ ಏನಿತ್ತು?" ಕೇಳಿದೆ.

"1963ರಲ್ಲಿ ಸೇರಿದ ಸೀ ಕಿಂಗ್. ನಿವೃತ್ತಿಯಾಗ್ತೀನಿ ಅಂದಾಗಲೆಲ್ಲ, ಇನ್ನೊಂದೆರಡು ವರ್ಷ ಇರಪ್ಪಾ ಅಂತ ಕೂರಿಸ್ತಿದ್ದರು."

ಗುಂಡ ಸ್ವಲ್ಪ ಹೊತ್ತು ಸುಮ್ಮನಿದ್ದ. ಅದು ಅಪರೂಪ. ಆಮೇಲೆ ಫೋನಿನಲ್ಲಿ ಏನೋ ಹುಡುಕಿ ಎದ್ದು ನಿಂತ. "ಸಿಕ್ಕಿತು! ಉತ್ತರ ಕೊರಿಯಾ. 1980ರ ದಶಕದಲ್ಲಿ ದಲ್ಲಾಳಿಗಳ ಮೂಲಕ ಕಳ್ಳದಾರಿಯಲ್ಲಿ ಅಮೆರಿಕದ ಹ್ಯೂಸ್ ಕಂಪನಿಯ 80ಕ್ಕೂ ಹೆಚ್ಚು ನಾಗರಿಕ ಹೆಲಿಕಾಪ್ಟರ್ ತರಿಸಿಕೊಂಡರು. 2013ರ ಮೆರವಣಿಗೆಯಲ್ಲಿ ಅವಕ್ಕೆ ಕ್ಷಿಪಣಿ ಕಟ್ಟಿ ಮೆರೆಸಿದರು. ಬಣ್ಣ, ಬಂದೂಕು, ಮುಗೀತು! ದಕ್ಷಿಣ ಕೊರಿಯಾದ ಸೈನ್ಯದಲ್ಲೂ ಅದೇ ತಳಿ. ಗಡಿಯಲ್ಲಿ ಯಾರದು ಯಾವುದು ಗೊತ್ತೇ ಆಗಲ್ಲ."

ರಾಮಣ್ಣನ ಹೆಗಲು ಮತ್ತೆ ಕುಣಿಯಿತು. "ಅದು ಉತ್ತರಕುಮಾರ ಅಲ್ಲಪ್ಪ, ಬೃಹನ್ನಳೆ. ಅದು ಹುಟ್ಟಿದ್ದೇ ಅಮೆರಿಕದ ಸೈನ್ಯದ ಓಎಚ್-6 ಆಗಿ. ನಾಗರಿಕ ಸೀರೆ ಉಟ್ಟದ್ದು ಆಮೇಲೆ. ಸೀರೆ ಬಿಚ್ಚಿದರೆ ಒಳಗೆ ಅರ್ಜುನನೇ."

ಸೈನ್ಯಕ್ಕೆ ಹೆಲಿಕಾಪ್ಟರ್ ಆರಿಸುವ 1965ರ ಸ್ಪರ್ಧೆಯಲ್ಲಿ ಓಎಚ್-6ರ ಎದುರು ಸೋತದ್ದು ಬೆಲ್ ಕಂಪನಿಯ ವಿಕಾರ ಮುಖದ ಮಾದರಿ. ಬೆಲ್ ಅದರ ಮೈ ತಿದ್ದಿ, ಸಾಹುಕಾರರಿಗೆ ಮಾರಲು 206 ಜೆಟ್‌ರೇಂಜರ್ ಮಾಡಿತು. ಅತ್ತ ಗೆದ್ದ ಹ್ಯೂಸ್ ಬೆಲೆ ಏರಿಸಿದಾಗ ಸೈನ್ಯ ಮತ್ತೆ ಸ್ಪರ್ಧೆ ತೆರೆಯಿತು. 1968ರಲ್ಲಿ ಗೆದ್ದದ್ದು ಇದೇ ಜೆಟ್‌ರೇಂಜರ್, ಕಯೋವಾ ಎಂಬ ಹೆಸರಲ್ಲಿ. ಇದನ್ನು ರಾಮಣ್ಣ ಹೇಳಿದ ರೀತಿ ಕೇಳಿದರೆ ಸ್ವಂತ ಮಗ ಪೂರಕ ಪರೀಕ್ಷೆಯಲ್ಲಿ ಪಾಸಾದ ಹಾಗಿತ್ತು.

ಇಷ್ಟರಲ್ಲಿ ವಿಮಲಕ್ಕ ಕಾಗದ ಎತ್ತಿ ಹಿಡಿದರು. "ಸೋನಾರ್, ಮಡಚೋ ರೆಕ್ಕೆ ಎಲ್ಲ ಸೇರಿಸಿದ ಮೇಲೆ ಒಂದೇ ಗೀಟು ಉಳಿದಿದೆ. ಪೈಲಟ್."

"ಅವನನ್ನೂ ಇಳಿಸಿ ಆಯ್ತು," ಅಂದರು ರಾಮಣ್ಣ. "ಅರಾಪಹೋ ಮಾಡೋಕೆ ಹೋಗಿ ಕೈ ಸುಟ್ಟುಕೊಂಡರಲ್ಲ, ಅದೇ ಬೆಲ್ 407ರಿಂದ ಪೈಲಟ್ ಇಲ್ಲದ ಫೈರ್ ಸ್ಕೌಟ್ ಮಾಡಿದರು. ಅಮೆರಿಕದ ನೌಕಾಪಡೆಗೆ. 2013ರಲ್ಲಿ ಹಾರಿತು."

ವಿಮಲಕ್ಕ ಕೊನೆಯ ಗೀಟನ್ನೂ ಹೊಡೆದರು. ಗುಂಡ ಖಾಲಿ ಹೆಲಿಕಾಪ್ಟರನ್ನು ಬಹಳ ಹೊತ್ತು ದಿಟ್ಟಿಸಿದ.

"ಹಾಗಾದ್ರೆ ಆ ಎಸಿ ಯಾರಿಗೆ?"