‘ಮಹಾಪಲಾಯನ’ದಂಥ ಕಥನಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ಮಲೆನಾಡಿನ ಓದುಗ

ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ವನ್ನು ನಾನು ಮೊದಲಿನಿಂದಲೂ ನಡೆದ ಸಂಗತಿಯೆಂದೇ ಓದಿಕೊಂಡು ಬಂದವನು. ಸೈಬೀರಿಯಾದ ಸೆರೆಶಿಬಿರದಿಂದ 1941ರಲ್ಲಿ ತಪ್ಪಿಸಿಕೊಂಡವರು ಗೋಬಿ ಮರುಭೂಮಿಯನ್ನೂ ಹಿಮಾಲಯವನ್ನೂ ಕಾಲ್ನಡಿಗೆಯಲ್ಲೇ ದಾಟಿ ಭಾರತ ಸೇರಿದರೆಂಬ ಆ ಕಥನದ ಮೂಲ ಲೇಖಕ ಸ್ಲಾವೊಮಿರ್ ರಾವಿಚ್ ಅಂಥ ಪ್ರಯಾಣವನ್ನೇ ಮಾಡಿರಲಿಲ್ಲವೆಂದು ಗೆಳೆಯರೊಬ್ಬರು ಹೇಳಿದರು. ಇದು ನಿಜವೇ? ನಿಜವಾದರೆ, ದುರಂತದಲ್ಲಿ ಬದುಕುಳಿದವರ ಪುಸ್ತಕಗಳಲ್ಲಿ ನಂಬಿ ಓದಬಹುದಾದವು ಯಾವುವು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಳೆಯ ಪುಸ್ತಕಪ್ರೇಮಿ

ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. ಮೂಲ ಪುಸ್ತಕ 1956ರಲ್ಲಿ ಪ್ರಕಟವಾದಾಗಲೇ, ಹಿಮಾಲಯದಲ್ಲಿ ಯೇತಿಯಂಥ ಜೀವಿಗಳನ್ನು ಕಂಡೆವೆಂಬ ಭಾಗವನ್ನೂ, ಮರುಭೂಮಿಯಲ್ಲಿ ದಿನಗಟ್ಟಲೆ ನೀರಿಲ್ಲದೆ ನಡೆದೆವೆಂಬ ಭಾಗವನ್ನೂ ಓದಿ ಆ ಪ್ರದೇಶಗಳನ್ನು ಬಲ್ಲವರು ಅನುಮಾನಪಟ್ಟಿದ್ದರು. ರಾವಿಚ್ ತೀರಿಕೊಂಡ ಬಳಿಕ, 2006ರಲ್ಲಿ, ಬಿಬಿಸಿ ರೇಡಿಯೊ ಹುಡುಕಿ ತೆಗೆದ ದಾಖಲೆಗಳು ಬೇರೆಯದೇ ಕಥೆ ಹೇಳಿದವು: ಪೋಲಿಷ್ ಕೈದಿಗಳಿಗೆ ಸೋವಿಯತ್ ಸರ್ಕಾರ ನೀಡಿದ ಸಾಮೂಹಿಕ ಕ್ಷಮಾದಾನದಡಿ ಆತ 1942ರಲ್ಲಿ ಬಿಡುಗಡೆಯಾಗಿದ್ದ. ಅವುಗಳಲ್ಲಿ ಕೆಲವು ಆತನ ಕೈಬರಹದಲ್ಲೇ ಇದ್ದವು. ಹಾಗೆಂದು ಆತ ಸೆರೆಯಲ್ಲಿದ್ದದ್ದು ಸುಳ್ಳಲ್ಲ. ಅನುಮಾನವಿರುವುದು ಪಲಾಯನದ ಬಗ್ಗೆ. ತೇಜಸ್ವಿಯವರ ಗದ್ಯದ ಓಟಕ್ಕಾಗಿ ನಾನು ಅದನ್ನು ಈಗಲೂ ಓದುತ್ತೇನೆ, ಆದರೆ ಕಾದಂಬರಿಯೆಂದು.

ಒಬ್ಬನೇ ಸಾಕ್ಷಿಯಿರುವ ಕಥನಕ್ಕಿಂತ ಹಲವರು ಒಟ್ಟಿಗೆ ಅನುಭವಿಸಿದ್ದರ ಕಥನ ಹೆಚ್ಚು ಗಟ್ಟಿ ಎಂಬುದು ನನ್ನ ಅಭಿಪ್ರಾಯ. 1972ರ ಅಕ್ಟೋಬರ್ 13ರಂದು ಆಂಡಿಸ್ ಪರ್ವತಗಳಲ್ಲಿ ಬಿದ್ದ ಉರುಗ್ವೆಯ ವಿಮಾನದಲ್ಲಿದ್ದ 45 ಜನರಲ್ಲಿ 16 ಮಂದಿ, 72 ದಿನಗಳ ನಂತರ, ಜೀವಂತ ಸಿಕ್ಕರು. ಅವರನ್ನು ಮಾತನಾಡಿಸಿ ಪಿಯರ್ಸ್ ಪಾಲ್ ರೀಡ್ ಬರೆದ ‘ಅಲೈವ್’ 1974ರಲ್ಲೇ ಬಂತು. ನೆರವು ಹುಡುಕಿಕೊಂಡು ಪರ್ವತ ದಾಟಿ ನಡೆದ ಇಬ್ಬರಲ್ಲಿ ಒಬ್ಬರಾದ ನ್ಯಾಂಡೊ ಪರಾಡೊ ತಮ್ಮದೇ ಪುಸ್ತಕವನ್ನು 2006ರಲ್ಲಿ ತಂದರು. ಹುಡುಕಾಟವನ್ನು ಕೈಬಿಡಲಾಗಿದೆಯೆಂಬ ಸುದ್ದಿಯನ್ನು ಹಿಮದ ನಡುವೆ ಕುಳಿತು ಟ್ರಾನ್ಸಿಸ್ಟರಿನಲ್ಲಿ ಕೇಳಬೇಕಾಗಿ ಬಂದ ಸಂಗತಿಯನ್ನು ಎರಡರಲ್ಲೂ ಓದಿ ನೋಡಿ.

ಉತ್ತರ 2: ಚಾರಣಿಗ

ಸಾಕ್ಷಿಗಳು ಹೆಚ್ಚಿದ್ದ ಮಾತ್ರಕ್ಕೆ ಸತ್ಯ ಕೈಗೆ ಸಿಗುತ್ತದೆಂಬುದನ್ನು ನಾನು ಒಪ್ಪಲಾರೆ. 1996ರ ಮೇ ತಿಂಗಳ ಎವರೆಸ್ಟ್ ದುರಂತವನ್ನೇ ನೋಡಿ. ಬಿರುಗಾಳಿಗೆ ಸಿಕ್ಕಿ ಎಂಟು ಮಂದಿ ಸತ್ತ ಆ ಘಟನೆಯನ್ನು, ಒಂದು ತಂಡದೊಂದಿಗೆ ಹೋಗಿದ್ದ ಪತ್ರಕರ್ತ ಜಾನ್ ಕ್ರಾಕವರ್ ‘ಇನ್‌ಟು ಥಿನ್ ಏರ್’ನಲ್ಲಿ ಒಂದು ಬಗೆಯಾಗಿ ಹೇಳಿದರೆ, ಇನ್ನೊಂದು ತಂಡದ ಮಾರ್ಗದರ್ಶಿ ಅನಾತೊಲಿ ಬುಕ್ರೀವ್ ‘ದ ಕ್ಲೈಂಬ್’ನಲ್ಲಿ ಮತ್ತೊಂದು ಬಗೆಯಾಗಿ ಹೇಳುತ್ತಾರೆ. ಆಮ್ಲಜನಕದ ಸಿಲಿಂಡರ್ ಬಳಸದೆ ಶಿಖರವೇರಿ, ತನ್ನ ತಂಡದವರಿಗಿಂತ ಮುಂಚೆಯೇ ಕೆಳಗಿಳಿದರೆಂದು ಬುಕ್ರೀವ್ ಮೇಲೆ ಆಕ್ಷೇಪ. ಅದೇ ರಾತ್ರಿ ಬಿರುಗಾಳಿಯಲ್ಲಿ ಒಬ್ಬರೇ ಹೊರಟು ಮೂವರನ್ನು ಡೇರೆಗೆ ಕರೆತಂದವರೂ ಅವರೇ. ಆಕ್ಷೇಪವನ್ನಷ್ಟೇ ಓದಿ ಪುಸ್ತಕ ಮುಚ್ಚುವುದು ಅನ್ಯಾಯ.

ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ವಿವರ. ಆ ದುರಂತದಲ್ಲಿ ಸತ್ತ ಆಂಡಿ ಹ್ಯಾರಿಸ್ ಎಂಬ ಮಾರ್ಗದರ್ಶಿಯನ್ನು ಶಿಬಿರದ ಹತ್ತಿರ ಕಂಡು ಮಾತನಾಡಿಸಿದೆನೆಂದು ಕ್ರಾಕವರ್ ಖಚಿತವಾಗಿ ನಂಬಿದ್ದರು. ಅದನ್ನೇ ಹ್ಯಾರಿಸ್ ಮನೆಯವರಿಗೂ ತಿಳಿಸಲಾಗಿತ್ತು. ವಾರಗಳ ನಂತರ ಗೊತ್ತಾದದ್ದೇನೆಂದರೆ, ಆ ದಿನ ಅವರು ಕಂಡದ್ದು ಬೇರೆ ತಂಡದ ಮಾರ್ಟಿನ್ ಆಡಮ್ಸ್ ಎಂಬುವರನ್ನು. ಸುಮಾರು 8,000 ಮೀಟರ್ ಎತ್ತರದಲ್ಲಿ, ಆಮ್ಲಜನಕ ಸಾಲದ ಮಿದುಳಿನೊಂದಿಗೆ, ಅನುಭವಿ ವರದಿಗಾರನೊಬ್ಬ ಎದುರಿಗಿದ್ದವನ ಗುರುತನ್ನೇ ತಪ್ಪಬಲ್ಲ. ಅದನ್ನು ಪುಸ್ತಕದಲ್ಲೇ ಬಿಚ್ಚಿಟ್ಟಿರುವುದರಿಂದ ಕ್ರಾಕವರ್ ಮೇಲಿನ ನನ್ನ ವಿಶ್ವಾಸ ಹೆಚ್ಚಿತು. ರಾವಿಚ್ ಪುಸ್ತಕದಲ್ಲಿ ಇಂಥ ಅಳುಕು ಎಲ್ಲಿದೆ?

ಉತ್ತರ 3: ದಿನಚರಿ ಓದುವವಳು

ನೆನಪಿಗಿಂತ ಅಂದಂದೇ ಬರೆದಿಟ್ಟ ದಿನಚರಿಯನ್ನು ನಂಬುವುದು ಮೇಲು. ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದಲ್ಲಿ ಹಿಮಕ್ಕೆ ಸಿಕ್ಕಿ 1915ರ ನವೆಂಬರಿನಲ್ಲಿ ಮುಳುಗಿದ, ಧ್ರುವಯಾತ್ರಿಕ ಶ್ಯಾಕಲ್ಟನ್ನರ ‘ಎಂಡ್ಯುರೆನ್ಸ್’ ಹಡಗಿನಲ್ಲಿದ್ದ 28 ಮಂದಿಯೂ ಬದುಕಿ ಬಂದರು, ಅವರಲ್ಲಿ ಹಲವರು ದಿನಚರಿ ಬರೆದಿದ್ದರು. ಆಲ್ಫ್ರೆಡ್ ಲ್ಯಾನ್ಸಿಂಗ್ ಆ ದಿನಚರಿಗಳನ್ನು ಓದಿ, ಆಗಿನ್ನೂ ಬದುಕಿದ್ದವರನ್ನು ಕಂಡು, 1959ರಲ್ಲಿ ಪುಸ್ತಕ ಪ್ರಕಟಿಸಿದರು. ಕ್ಯಾಪ್ಟನ್ ಫ್ರಾಂಕ್ ವೋರ್ಸ್ಲಿ ಸೂರ್ಯ, ನಕ್ಷತ್ರಗಳ ಕೋನ ಅಳೆಯುವ ಉಪಕರಣವಾದ ಸೆಕ್ಸ್‌ಟೆಂಟ್ ಹಿಡಿದು ಲೆಕ್ಕ ಹಾಕಿ ಬರೆದಿಟ್ಟ ಸ್ಥಾನದಿಂದ ಕೇವಲ ನಾಲ್ಕು ಮೈಲಿಯಷ್ಟು ದೂರದಲ್ಲಿ, 3,008 ಮೀಟರ್ ಆಳದಲ್ಲಿ, 2022ರಲ್ಲಿ ಆ ಹಡಗು ಪತ್ತೆಯಾಯಿತು. ಬರೆದದ್ದನ್ನು ಸಮುದ್ರದ ತಳವೇ ತಾಳೆ ನೋಡಿದ ಇಂಥ ಉದಾಹರಣೆ ಅಪರೂಪ.

ಒಂದು ಎಚ್ಚರಿಕೆ ಮಾತ್ರ: ‘ಒಬ್ಬರೂ ಸಾಯಲಿಲ್ಲ’ ಎಂಬ ಹೊಗಳಿಕೆ ಈ ಹಡಗಿನವರಿಗಷ್ಟೇ ಸಲ್ಲುತ್ತದೆ. ಅಂಟಾರ್ಕ್ಟಿಕಾ ಖಂಡವನ್ನು ದಾಟಬೇಕೆಂದಿದ್ದ ಇದೇ ಯಾತ್ರೆಗಾಗಿ ಅದರ ಮತ್ತೊಂದು ಬದಿಯಿಂದ ಆಹಾರದ ದಾಸ್ತಾನು ಇಡುತ್ತಾ ಬಂದ ರಾಸ್ ಸಮುದ್ರದ ತಂಡದಲ್ಲಿ ಮೂವರು ಸತ್ತರು. ಶ್ಯಾಕಲ್ಟನ್ನರೇ ಬರೆದ ‘ಸೌತ್’ನಲ್ಲಿ ಅವರ ವೃತ್ತಾಂತವೂ ಇದೆ, ಲ್ಯಾನ್ಸಿಂಗ್ ಮುಗಿಸಿದ ಮೇಲೆ ಆ ಅಧ್ಯಾಯಗಳನ್ನು ಬಿಡದೆ ಓದಿ.