ಏರ್‌ಗನ್‌ಗೆ ಹೊಸ ಸ್ಕೋಪ್ ಹಾಕಿದೆ, ಝೀರೋ (ಗುರಿ ಇಟ್ಟಲ್ಲೇ ಏಟು ಬೀಳುವ ಹಾಗೆ) ಆಗ್ತಾನೇ ಇಲ್ಲ

ಪ್ರಶ್ನೆ:
ನಮ್ಮದು ಸೋಮವಾರಪೇಟೆ ಹತ್ತಿರ. ಅಪ್ಪನಿಗೆ 68 ವರ್ಷ. ಕೊಡಗಿನ ಕೈಲ್ ಪೊಳ್ದ್ ಹಬ್ಬ ಬಂದರೆ ತೆಂಗಿನಕಾಯಿಗೆ ಗುಂಡು ಹೊಡೆಯಲು ಎಲ್ಲರಿಗಿಂತ ಮುಂಚೆ ಹೋಗುತ್ತಿದ್ದವರು. ಈಗ ಗನ್ನಿನ ಮುಂದಿನ ಸೈಟೂ ಗುರಿಯೂ ಒಟ್ಟಿಗೆ ಕಾಣಿಸುವುದಿಲ್ಲ ಅಂತ ಗನ್ ಮುಟ್ಟುವುದನ್ನೇ ಬಿಟ್ಟಿದ್ದಾರೆ. ಅವರಿಗೋಸ್ಕರ ಮನೆಯ ಏರ್‌ಗನ್‌ಗೆ 4×32 ಸ್ಕೋಪ್ (4 ಪಟ್ಟು ದೊಡ್ಡದಾಗಿ ತೋರಿಸುವ, 32 ಎಂಎಂ ಗಾಜಿನ ಗುರಿ ದುರ್ಬೀನು) ಹಾಕಿದೆ. ಬ್ಯಾರೆಲ್ ಮಡಚಿ ಲೋಡ್ ಮಾಡುವ 4.5 ಎಂಎಂ ಸ್ಪ್ರಿಂಗ್ ಗನ್.

ಮನೆ ಹಿಂದಿನ ಬರೆಗೆ (ಮಣ್ಣಿನ ದಿಬ್ಬಕ್ಕೆ) ರಟ್ಟು ನಿಲ್ಲಿಸಿ 20 ಮೀಟರಿನಿಂದ ಹೊಡೆದೆ. ಎಲ್ಲಾ 9 ಸೆಂ.ಮೀ. ಕೆಳಗೆ. ಏಟು ಮೇಲೇರಿಸಲು ಸ್ಕೋಪಿನ ಮೇಲಿನ ಗುಬುಟು ತಿರುಗಿಸುತ್ತಾ ಹೋದೆ, ಸುಮಾರು 40 ಕ್ಲಿಕ್ ಆದ ಮೇಲೆ ತಿರುಗುವುದೇ ನಿಂತಿತು. ಇನ್ನೂ 3 ಸೆಂ.ಮೀ. ಕೆಳಗೇ ಬೀಳುತ್ತಿದೆ. ಈಗ ಒಂದು ಕಡೆ ಬೀಳುವುದೂ ಇಲ್ಲ, ಅಂಗೈಯಗಲ ಚದುರುತ್ತಿವೆ. ಸ್ಕೋಪ್ ತೆಗೆದು ಮಾಮೂಲಿ ಸೈಟಿನಲ್ಲಿ ಹೊಡೆದರೆ ಐದೂ ನಾಣ್ಯದಗಲದಲ್ಲಿ ಬೀಳುತ್ತವೆ. ಸ್ಕೋಪೇ ಹಾಳಾಗಿದೆಯಾ?

ಉತ್ತರ 1:
ಅವಸರದಲ್ಲಿ ಸ್ಕೋಪ್ ವಾಪಸ್ ಕಳಿಸಬೇಡಿ. ಮಡಚುವ ಗನ್‌ಗಳಲ್ಲಿ ಬ್ಯಾರೆಲ್ ಮೂತಿ ಸ್ವಲ್ಪ ಕೆಳಗೆ ಬಾಗಿರುವುದು ಮಾಮೂಲು. ಮಾಮೂಲಿ ಸೈಟು ಅದೇ ಬ್ಯಾರೆಲ್ ಮೇಲಿದ್ದರೆ ಅದು ಗೊತ್ತಾಗುವುದಿಲ್ಲ. ಸ್ಕೋಪ್ ಕೂರುವುದು ಹಿಂದಿನ ಕೊಳವೆ ಮೇಲೆ, ಅಲ್ಲಿ ವ್ಯತ್ಯಾಸ ಕಾಣುತ್ತದೆ. ಗುಬುಟನ್ನು ಕೊನೆಯವರೆಗೆ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಸಡಿಲವಾಗಿ, ಸ್ಕೋಪಿನೊಳಗೆ ಕಾಣುವ ಗುರಿಯ ಗೆರೆ ಅಲ್ಲಾಡುತ್ತದೆ. ಅದಕ್ಕೇ ಚದುರುತ್ತಿರುವುದು.

ಮೊದಲು ಸ್ಕೋಪನ್ನು ಗನ್‌ಗೆ ಹಿಡಿದಿಡುವ ಮುಂದಿನ, ಹಿಂದಿನ ರಿಂಗ್ ಅದಲು ಬದಲು ಮಾಡಿ. ಅಗ್ಗದ ರಿಂಗ್‌ಗಳು ಒಂದೇ ಎತ್ತರ ಇರುವುದಿಲ್ಲ. ಸಾಲದಿದ್ದರೆ ಹಳೇ ಕ್ಯಾಮೆರಾ ರೀಲಿನ ಒಂದು ತುಂಡನ್ನು ಹಿಂದಿನ ರಿಂಗ್‌ನ ಕೆಳ ಅರ್ಧದಲ್ಲಿ ಹಾಸಿ. ರಿಂಗ್‌ಗಳ ನಡುವೆ 10 ಸೆಂ.ಮೀ. ಇದ್ದರೆ, ಹಿಂದೆ 0.1 ಮಿ.ಮೀ. ಎತ್ತಿದರೂ 20 ಮೀಟರಿನಲ್ಲಿ ಏಟು 2 ಸೆಂ.ಮೀ. ಮೇಲೇರುತ್ತದೆ. ಎರಡು ತುಂಡಿಗಿಂತ ಜಾಸ್ತಿ ಬೇಡ, ಸ್ಕೋಪಿನ ಕೊಳವೆ ನೆಗ್ಗುತ್ತದೆ.

ಉತ್ತರ 2:
ಮೌಂಟ್ (ಆ ರಿಂಗ್‌ಗಳು) ಜಾರುತ್ತಿದೆಯಾ ನೋಡಿದ್ರಾ? ಸ್ಪ್ರಿಂಗ್ ಗನ್ ಒದೆಯುವುದು ಎರಡು ಸಲ. ಪಿಸ್ಟನ್ ಮುಂದೆ ಓಡುವಾಗ ಗನ್ ಹಿಂದಕ್ಕೆ, ಪಿಸ್ಟನ್ ಬಡಿದು ನಿಂತಾಗ ಮುಂದಕ್ಕೆ. ಆ ಎರಡನೇ ಏಟಿಗೆ ಸ್ಕೋಪ್ ರೈಲಿನ (ರಿಂಗ್ ಕಚ್ಚಿ ಕೂರುವ ಪಟ್ಟಿಯ) ಮೇಲೆ ಹಿಂದೆ ಸರಿಯುತ್ತದೆ. ರಿಂಗ್ ಪಕ್ಕ ಪೆನ್ಸಿಲ್ ಗೆರೆ ಎಳೆದು 20 ಪೆಲೆಟ್ ಹೊಡೆಯಿರಿ. ರೈಲಿನ ಎಣ್ಣೆ ಪೂರ್ತಿ ಒರೆಸಿ. ಮರದ ಹಿಡಿಯ ಸ್ಕ್ರೂಗಳನ್ನೂ ಬಿಗಿ ಮಾಡಿ, ಅವೂ ಸಡಿಲವಾಗುತ್ತವೆ. ಸ್ಪ್ರಿಂಗ್ ಗನ್‌ಗೆ ಅಂತಲೇ ಮಾಡಿದ ಸ್ಕೋಪ್ ತಾನೇ ಇದು?

ಉತ್ತರ 3:
ಮೇಜಿನ ಮೇಲೆ ಒತ್ತಿಟ್ಟು ಹೊಡೆಯಬೇಡಿ. ತೆರೆದ ಅಂಗೈ ಮೇಲೆ ಸುಮ್ನೆ ಕೂರಿಸಿ, ಬಿಗಿ ಹಿಡಿಯದೆ ಹೊಡೆಯಿರಿ. ಕೆನ್ನೆಯೂ ಪ್ರತಿ ಸಲ ಒಂದೇ ಜಾಗದಲ್ಲಿರಲಿ. 100 ಗಜಕ್ಕೆ ಹೊಂದಿಸಿದ ಸ್ಕೋಪಿನಲ್ಲಿ ಇಷ್ಟು ಹತ್ತಿರದ ಗುರಿ ನೋಡುವಾಗ ತಲೆ ಅಲ್ಲಾಡಿದರೆ ಗೆರೆಯೂ ಗುರಿಯ ಮೇಲೆ ಓಡಾಡುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಏರ್‌ಗನ್ ಸ್ಕೋಪೇ, ಡಬ್ಬದ ಮೇಲೆ ಬರೆದಿದೆ. ಆದರೆ 20 ಪೆಲೆಟ್‌ಗೆ ರಿಂಗ್ 2 ಮಿ.ಮೀ. ಹಿಂದೆ ಬಂದಿತ್ತು! ರೈಲಿನ ತುಂಬಾ ಎಣ್ಣೆ, ನಾನೇ ಮಳೆಗಾಲ ಅಂತ ಹಚ್ಚಿದ್ದು. ಒರೆಸಿ, ರಿಂಗ್ ಅದಲು ಬದಲು ಮಾಡಿ, ಅಕ್ಕನ ಮದುವೆ ರೀಲಿನ ಖಾಲಿ ತುದಿಯಿಂದ ಒಂದು ತುಂಡು ಹಾಸಿದೆ. ಈಗ ಏಟು 7 ಸೆಂ.ಮೀ. ಮೇಲೆ! 50 ಕ್ಲಿಕ್ ಕೆಳಗಿಳಿಸಿದೆ, ನಡುವಿಗೆ ಬಂತು. ಚದುರುವುದೂ ನಿಂತಿತು.

ಸ್ಕೋಪಿನಲ್ಲೇ ಕಣ್ಣಿನ ಕಡೆ ಇರುವ ಫೋಕಸ್ ಬಳೆ ತಿರುಗಿಸಿ ಅಪ್ಪನ ಕಣ್ಣಿಗೆ ಗೆರೆ ಸ್ಪಷ್ಟ ಮಾಡಿಕೊಟ್ಟೆ. ನಿನ್ನೆ ಸಂಜೆ ಮಳೆ ಬಿಟ್ಟಾಗ ಐದು ಹೊಡೆದರು, ನಾಲ್ಕು ಕಪ್ಪು ವೃತ್ತದೊಳಗೆ. ಐದನೆಯದು ಯಾಕೆ ಹೊರಗೆ ಹೋಯಿತು ಅಂತ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. ಇವತ್ತಿಗೆ 50 ಪೆಲೆಟ್ ಆಯಿತು, ಪೆನ್ಸಿಲ್ ಗೆರೆ ಬಿಟ್ಟು ರಿಂಗ್ ಕದಲಿಲ್ಲ.